ಬೀರುವಿನ ಬಾಗಿಲು ತೆರೆಯಿರಿ: ಸಸ್ಯಶಾಸ್ತ್ರ ವಿಭಾಗಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದ ಪದವಿ ಕಾಲೇಜುಗಳ ಸಸ್ಯಶಾಸ್ತ್ರ ಅಧ್ಯಾಪಕರಿಗೆ, ಲ್ಯಾಬ್ ಅಟೆಂಡರುಗಳಿಗೆ ಮತ್ತು ಎಂ.ಎಸ್ಸಿ. ಓದುತ್ತಿರುವ ಮಕ್ಕಳಿಗೆ,



ನಿಮ್ಮ ವಿಭಾಗದಲ್ಲಿ ಒಂದು ಹಳೆಯ ಬೀರು ಇದ್ದೇ ಇರುತ್ತದೆ. ಮೈಕ್ರೋಸ್ಕೋಪುಗಳ ಕೋಣೆಯ ಮೂಲೆಯಲ್ಲೋ, ಮೆಟ್ಟಿಲ ಕೆಳಗೋ, ಎಚ್‌ಒಡಿ ಕುರ್ಚಿಯ ಹಿಂದೋ. ಒಳಗೆ ಹರ್ಬೇರಿಯಂ ಶೀಟುಗಳ ಕಟ್ಟು. ಕೆಲವು ಪ್ರಾಕ್ಟಿಕಲ್ ಪರೀಕ್ಷೆಗೆಂದು ಹುಡುಗರು ಸಬ್ಮಿಟ್ ಮಾಡಿದವು, ಕೆಲವು ಆಗುಂಬೆಗೋ ಕೆಮ್ಮಣ್ಣುಗುಂಡಿಗೋ ಟೂರ್ ಹೋದಾಗ ತಂದವು, ಇನ್ನು ಕೆಲವು ಯಾರೋ ಎಂ.ಫಿಲ್.ಗೆಂದು ಊರೂರು ಅಲೆದು ಕೂಡಿಹಾಕಿ, ನೌಕರಿ ಸಿಕ್ಕಾಗ ಬಿಟ್ಟುಹೋದವು. ಈ ಪತ್ರ ಆ ಬೀರುವಿನ ಬಗ್ಗೆ. ಕೇಳುವುದು ಇಷ್ಟೇ: ಮುಂದಿನ ಬೇಸಿಗೆ ರಜೆ ಮುಗಿಯುವುದರೊಳಗೆ ಅಲ್ಲಿರುವ ಪ್ರತಿ ಹಾಳೆಗೂ ಒಂದು ನಂಬರು ಕೊಡಿ, ಫೋಟೊ ತೆಗೆಯಿರಿ, ಲೇಬಲ್ಲಿನಲ್ಲಿ ಇರುವುದನ್ನು ಇದ್ದ ಹಾಗೆ ಕಂಪ್ಯೂಟರಿಗೆ ಏರಿಸಿ.

ಅವಸರಕ್ಕೆ ಕಾರಣ ಇದೆ. ನಾನೂ ನಿಮ್ಮ ಹಾಗೆ ಟ್ಯಾಕ್ಸಾನಮಿ ಪಾಠ ಮಾಡಿ ನಿವೃತ್ತನಾದವನು. ನಾನು ಕಂಡ ಒಂದು ಕಾಲೇಜಿನಲ್ಲಿ, ಹೆಸರು ಬೇಡ, ತಪಾಸಣೆ ಸಮಿತಿ ಬರುತ್ತದೆಂದು ಲ್ಯಾಬಿಗೆ ಬಣ್ಣ ಹೊಡೆಸಿದರು. ಅದೇ ಭರದಲ್ಲಿ ಎರಡು ಬೀರು ಖಾಲಿಯಾದವು. ಅಂಟು ಹತ್ತಿದ ಕಾಗದ ತನಗೆ ಬೇಡ ಎಂದು ರದ್ದಿಯವನೂ ಹೇಳಿದನಂತೆ. ಹಿತ್ತಲಲ್ಲಿ ರಾಶಿ ಹಾಕಿ ಬೆಂಕಿ ಕೊಟ್ಟರು. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಬೀರು ದಾಖಲಾಗಿತ್ತು, ಒಳಗಿನ ಹಾಳೆ ದಾಖಲಾಗಿರಲಿಲ್ಲ. ಹಾಗಾಗಿ ಯಾರೂ ಯಾರಿಗೂ ಲೆಕ್ಕ ಕೊಡಬೇಕಾಗಿ ಬರಲಿಲ್ಲ. ಇಂಥದ್ದು ಒಂದೇ ಕಡೆ ಆಗಿದೆ ಎಂದು ನಂಬುವಷ್ಟು ಮುಗ್ಧರು ನೀವೂ ಅಲ್ಲ.

ಹೊರಗಿನ ಜಗತ್ತು ಈ ವಿಷಯದಲ್ಲಿ ನಮ್ಮಿಂದ ಬಹಳ ಮುಂದೆ ಹೋಗಿದೆ. ಪ್ಯಾರಿಸ್ಸಿನ ರಾಷ್ಟ್ರೀಯ ಪ್ರಕೃತಿ ವಸ್ತುಸಂಗ್ರಹಾಲಯ ತನ್ನ ಹರ್ಬೇರಿಯಂ ಕಟ್ಟಡದ ದುರಸ್ತಿಗೆಂದು ಹಾಳೆಗಳನ್ನು ಹೊರಗೆ ತೆಗೆದಾಗ, ಹೇಗೂ ತೆಗೆದಿದ್ದೇವಲ್ಲ ಎಂದು ಐವತ್ತು ಲಕ್ಷಕ್ಕೂ ಹೆಚ್ಚು ಹಾಳೆಗಳ ಫೋಟೊ ಮುಗಿಸಿಬಿಟ್ಟಿತು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ ಕನ್ವೇಯರ್ ಬೆಲ್ಟ್ ಹಾಕಿ, ಕಾರ್ಖಾನೆಯ ಮಾಲು ಸಾಗಿಸಿದ ಹಾಗೆ ಹಾಳೆಗಳನ್ನು ಕ್ಯಾಮೆರಾದಡಿ ಸಾಗಿಸಿತು. ಲಂಡನ್ನಿನ ಕ್ಯೂ ಸಸ್ಯೋದ್ಯಾನ ಕಳೆದ ಕೆಲವು ವರ್ಷಗಳಲ್ಲಿ ತನ್ನ ಸುಮಾರು 70 ಲಕ್ಷ ಒಣಗಿಡಗಳನ್ನೂ 12 ಲಕ್ಷಕ್ಕೂ ಮಿಕ್ಕ ಶಿಲೀಂಧ್ರಗಳನ್ನೂ ಡಿಜಿಟಲ್ ಮಾಡಲು ಕೈಹಾಕಿತು. ನಮ್ಮ ದೇಶದಲ್ಲಿ ಬೊಟಾನಿಕಲ್ ಸರ್ವೇ ಆಫ್ ಇಂಡಿಯಾ, ಅಂದರೆ ಬಿಎಸ್‌ಐ, 2022ರ ಜುಲೈಯಲ್ಲಿ ಇಂಡಿಯನ್ ವರ್ಚುವಲ್ ಹರ್ಬೇರಿಯಂ ಶುರುಮಾಡಿತು. ಆರಂಭದಲ್ಲಿ ಅದರಲ್ಲಿದ್ದದ್ದು ಸುಮಾರು ಒಂದು ಲಕ್ಷ ಹಾಳೆ. ಬಿಎಸ್‌ಐಯ ಎಲ್ಲ ಕೇಂದ್ರಗಳಲ್ಲಿ ಒಟ್ಟಾಗಿ ಇರುವುದು 30 ಲಕ್ಷಕ್ಕೂ ಹೆಚ್ಚು.

ಇದರಲ್ಲಿ ಕರ್ನಾಟಕದ ಪಾಲೆಷ್ಟು, ನಮ್ಮ ಗಿಡಗಳು ಎಲ್ಲೆಲ್ಲಿವೆ ಎಂದು ಹುಡುಕಹೊರಟರೆ 1956ರ ಹಿಂದಿನ ನಕ್ಷೆ ಎದುರು ಬಂದು ನಿಲ್ಲುತ್ತದೆ. ರಾಜ್ಯ ಒಂದಾಯಿತು, ಗಿಡಗಳು ಆಗಲಿಲ್ಲ. ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ವಿಜಯಪುರ ಆಗ ಮುಂಬಯಿ ಪ್ರಾಂತ್ಯ. ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಹೊರತಂದ ಬಾಂಬೆ ಫ್ಲೋರಾದಲ್ಲಿ ಅಲ್ಲಿನ ಸಸ್ಯಗಳ ವಿವರ ಇದೆ. ಹಾಳೆಗಳು ಪುಣೆಯಲ್ಲಿ, ಮುಂಬಯಿಯಲ್ಲಿ. ಕಾರವಾರದಲ್ಲೇ ನೆಲೆನಿಂತ ಅರಣ್ಯಾಧಿಕಾರಿ ಟಿ. ಆರ್. ಬೆಲ್ (ಇವರನ್ನು ಚಿಟ್ಟೆಯವರು ಹೆಚ್ಚು ನೆನೆಯುತ್ತಾರೆ) ಮತ್ತು ಐಸಿಎಸ್ ಅಧಿಕಾರಿ ಎಲ್. ಜೆ. ಸೆಜ್‌ವಿಕ್ ಸೇರಿ ಉತ್ತರ ಕನ್ನಡದ ಕಾಡಿನಲ್ಲಿ ಆಯ್ದ ಗಿಡಗಳನ್ನು ನೋಡಬೇಕಾದರೆ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂಗೆ ಹೋಗಬೇಕು. ದಕ್ಷಿಣ ಕನ್ನಡ, ಬಳ್ಳಾರಿ ಮದರಾಸಿನವು. ಅಲ್ಲಿನ ಹಾಳೆಗಳ ಮನೆ ಕೊಯಮತ್ತೂರು.

ಅದಕ್ಕೂ ಹಿಂದಿನವು ಸಮುದ್ರ ದಾಟಿವೆ. ಮಂಗಳೂರಿನ ಬಾಸೆಲ್ ಮಿಷನ್ ಎಂದರೆ ನಮಗೆ ಹಂಚು, ಮಂಗಳೂರ ಸಮಾಚಾರ, ಕಿಟ್ಟೆಲ್ಲರ ನಿಘಂಟು ನೆನಪಾಗುತ್ತವೆ. ಅದೇ ಮಿಷನ್ನಿನ ಪಾದ್ರಿ ಮೆಟ್ಸ್ ಮಂಗಳೂರಿನ ಸುತ್ತ, ಆಮೇಲೆ ನೀಲಗಿರಿಯಲ್ಲಿ ಗಿಡ ಕಿತ್ತು ಒಣಗಿಸಿ ಜರ್ಮನಿಗೆ ಕಳಿಸುತ್ತಿದ್ದರು. ಅಲ್ಲಿ ಹೋಹೆನಾಕರ್ ಎಂಬವರು ಅವನ್ನು ವಿಂಗಡಿಸಿ, ಅಚ್ಚಾದ ಲ್ಯಾಟಿನ್ ಲೇಬಲ್ ಹಚ್ಚಿ, ಸೆಟ್ಟು ಮಾಡಿ ಯುರೋಪಿನ ಚಂದಾದಾರರಿಗೆ ಮಾರುತ್ತಿದ್ದರು. ಹೀಗೆ ಹತ್ತೊಂಬತ್ತನೆಯ ಶತಮಾನದ ನಡುವಿನ ಮಂಗಳೂರಿನ ಹಿತ್ತಲ ಗಿಡಗಳು ಇವತ್ತು ಪ್ಯಾರಿಸ್, ಲೈಡನ್, ಕ್ಯೂಗಳಲ್ಲಿ ಹಂಚಿಹೋಗಿವೆ. ಮೊಬೈಲಿನಲ್ಲಿ ಹುಡುಕಿದರೆ ಹಾಳೆ ಕಾಣುತ್ತದೆ, ದೊಡ್ಡದು ಮಾಡಿದರೆ ಎಲೆಯ ನರ ಕಾಣುತ್ತದೆ. ಆದರೆ ಅದೇ ಮಂಗಳೂರಿನ ಒಂದು ಕಾಲೇಜಿನಲ್ಲಿ 1975ರಲ್ಲಿ ವಿದ್ಯಾರ್ಥಿಯೊಬ್ಬಳು ಒಣಗಿಸಿದ ಗಿಡ ಕಾಣುವುದಿಲ್ಲ. ಅದು ಬೀರುವಿನಲ್ಲಿದೆ.

ಸ್ವಾತಂತ್ರ್ಯಾನಂತರ ನಮ್ಮಲ್ಲೇ ಆದ ದೊಡ್ಡ ಕೆಲಸ ಎಂದರೆ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ ಅವರದು. ಸ್ಮಿತ್ಸೋನಿಯನ್ನಿನ ಡ್ಯಾನ್ ನಿಕಲ್ಸನ್ ಜೊತೆ ಅವರು 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಫ್ಲೋರಾ ಇವತ್ತಿಗೂ ನಮ್ಮ ಕೈಪಿಡಿ. ಅವರ ಹಾಳೆಗಳು ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಭದ್ರವಾಗಿವೆ. ಅವುಗಳ ಚಿತ್ರಗಳು ಅಂತರ್ಜಾಲದಲ್ಲೂ ಸಿಗುತ್ತವೆ. ಈ ಸಂಗ್ರಹಕ್ಕೆ ಸಿಕ್ಕ ಭಾಗ್ಯ ಉಳಿದವಕ್ಕೆ ಸಿಗಲಿಲ್ಲ. ಬಿಎಸ್‌ಐಗೆ ಪುಣೆ, ಕೊಯಮತ್ತೂರು, ಹೈದರಾಬಾದುಗಳಲ್ಲಿ ಪ್ರಾದೇಶಿಕ ಕೇಂದ್ರ ಇದೆ. ಪಶ್ಚಿಮ ಘಟ್ಟದ ಅಷ್ಟು ಉದ್ದದ ಪಟ್ಟಿ ಇಟ್ಟುಕೊಂಡ ಕರ್ನಾಟಕದಲ್ಲಿ ಇಲ್ಲ. ನಮ್ಮ ನೆಲದ ಕಳೆದ ಅರುವತ್ತು ಎಪ್ಪತ್ತು ವರ್ಷಗಳ ಸಸ್ಯದಾಖಲೆ ಬಹುಪಾಲು ವಿಶ್ವವಿದ್ಯಾಲಯಗಳ, ಕಾಲೇಜುಗಳ ಬೀರುಗಳನ್ನೇ ನೆಚ್ಚಿಕೊಂಡಿರುವುದು ಹೀಗಾಗಿ.

ನೀವು ಹೇಳುವುದು ನನಗೆ ಗೊತ್ತು. ‘ಸಾರ್, ಅದರಲ್ಲಿ ಏನಿದೆ? ಎಲ್ಲಾ ತುಂಬೆ, ಉತ್ತರಾಣಿ, ಲಂಟಾನ. ಹುಡುಗರು ಹಾಸ್ಟೆಲ್ ಹಿಂದೆ ಕಿತ್ತು ತಂದದ್ದು.’ ಸರಿಯಾದ ಮಾತು, ಮತ್ತು ಅದೇ ಅದರ ಬೆಲೆ. ದೊಡ್ಡ ಸಂಗ್ರಾಹಕರು ಕಾಡಿಗೆ ಹೋದರು, ಅಪರೂಪದ್ದನ್ನು ಹುಡುಕಿದರು. ತುಮಕೂರಿನ ಕೆರೆಯಂಗಳದ, ಗದುಗಿನ ಹೊಲದ ಬದುವಿನ, ಕೋಲಾರದ ಗೋಮಾಳದ ಸಾಮಾನ್ಯ ಗಿಡಗಳನ್ನು ತಾರೀಕು ಹಾಕಿ ವರ್ಷವರ್ಷವೂ ಒಣಗಿಸಿದ್ದು ಪರೀಕ್ಷೆಗೆ ಹೆದರಿದ ಹುಡುಗರು ಮಾತ್ರ. ಕಾಂಗ್ರೆಸ್ ಕಳೆಯನ್ನೇ ತೆಗೆದುಕೊಳ್ಳಿ. ಅದು ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು 1955ರ ಸುಮಾರಿಗೆ. ಅಲ್ಲಿಂದ ಧಾರವಾಡಕ್ಕೆ ಎಂದು ಬಂತು, ದಾವಣಗೆರೆಗೆ ಎಂದು, ಮಂಡ್ಯಕ್ಕೆ ಎಂದು? ರಸ್ತೆಗುಂಟ ಬಂತೋ, ರೈಲಿನ ಜೊತೆ ಬಂತೋ? ಹತ್ತು ಕಾಲೇಜುಗಳ ಸಬ್ಮಿಷನ್ ಹಾಳೆಗಳನ್ನು ತಾರೀಕಿನ ಪ್ರಕಾರ ಜೋಡಿಸಿದರೆ ಅದರ ದಾರಿ ಮುಕ್ಕಾಲು ಪಾಲು ತಿಳಿದೀತು. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು; ಆಮೇಲೆ ಹೋದ ಕೆರೆಗಳ ಪಟ್ಟಿ ನಿಮ್ಮ ನಿಮ್ಮ ಊರಿನಲ್ಲಿ ನಿಮಗೇ ಗೊತ್ತು. ಅವುಗಳ ನೀರಿನಲ್ಲಿ ಏನು ಬೆಳೆಯುತ್ತಿತ್ತು ಎಂಬುದಕ್ಕೆ ಸಾಕ್ಷಿ ಉಳಿದಿದ್ದರೆ ಅಂಥ ಹಾಳೆಗಳಲ್ಲೇ ಉಳಿದಿರಬೇಕು. ಪಂಚಾಯಿತಿಗಳ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿರುವುದು ಈಗ ಏನಿದೆ ಎಂಬುದು. ಹಿಂದೆ ಏನಿತ್ತು ಎಂದು ಸೇರಿಸಲು ಈ ಹಾಳೆಗಳು ಬೇಕು.

ಹಳೆಯ ಎಲೆಯಿಂದ ಇನ್ನೂ ಏನೇನು ತಿಳಿಯಬಹುದು ಎನ್ನುವುದಕ್ಕೆ ಎರಡೇ ಮಾತು. ಇಯಾನ್ ವುಡ್‌ವರ್ಡ್ ಎಂಬ ಸಸ್ಯವಿಜ್ಞಾನಿ ಕೇಂಬ್ರಿಡ್ಜಿನ ಹರ್ಬೇರಿಯಂನಲ್ಲಿದ್ದ ಇನ್ನೂರು ವರ್ಷಗಳ ಮರದೆಲೆಗಳಲ್ಲಿ ಪತ್ರರಂಧ್ರಗಳನ್ನು ಎಣಿಸಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಂತೆ ಅವು ವಿರಳವಾಗುತ್ತ ಬಂದದ್ದನ್ನು 1987ರಲ್ಲಿ ತೋರಿಸಿದರು. ಆ ಎಲೆ ಒಣಗಿಸಿದವರಿಗೆ ಇದರ ಕಲ್ಪನೆಯೂ ಇರಲಿಕ್ಕಿಲ್ಲ. ಜಗತ್ತಿನಲ್ಲಿ ಇನ್ನೂ ಹೆಸರಿಡದ ಹೂಬಿಡುವ ಸಸ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗಾಗಲೇ ಯಾವುದಾದರೊಂದು ಹರ್ಬೇರಿಯಂನಲ್ಲಿ, ತಪ್ಪು ಹೆಸರಿನಡಿ ಮಲಗಿವೆ ಎಂಬ ಅಂದಾಜು 2010ರಲ್ಲಿ ಪ್ರಕಟವಾಯಿತು. ನಮ್ಮ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜೌಗಿನಲ್ಲಿರುವ ಗೇರಿನ ಬಳಗದ ದೊಡ್ಡ ಮರಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರು ಬಿದ್ದದ್ದೇ 2000ದಲ್ಲಿ. ಮಧುಕಾ ಇನ್‌ಸಿಗ್ನಿಸ್ ಎಂಬ ಹಿಪ್ಪೆ ಬಳಗದ ಮರ ನಿರ್ನಾಮವಾಯಿತೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬರೆದು ಕೆಲವೇ ವರ್ಷಗಳಲ್ಲಿ ಕುಮಾರಧಾರೆಯ ದಂಡೆಯಲ್ಲಿ ಸಿಕ್ಕಿತು. ಸಿಕ್ಕಿದ್ದು ಅದೇ ಮರ ಎಂದು ಹೇಳಲು ಹಳೆಯ ಹಾಳೆಗಳಲ್ಲದೆ ಬೇರೆ ಆಧಾರ ಏನಿದ್ದೀತು?

ಶಿಲೀಂಧ್ರಗಳ ಮಾತು ಬೇರೆಯೇ ಇದೆ. ನಮ್ಮ ವಿಭಾಗಗಳಲ್ಲಿ ಅವಕ್ಕೆ ಬೀರು ಕೂಡ ಇಲ್ಲ; ಕಾಗದದ ಪೊಟ್ಟಣ, ಬೆಂಕಿಪೆಟ್ಟಿಗೆ, ಫಾರ್ಮಲಿನ್ ಆರಿಹೋದ ಬಾಟಲಿ. ಆದರೆ ಮಲೆನಾಡಿನವರಿಗೆ ಶಿಲೀಂಧ್ರದ ಮಹತ್ವ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಸೂರು ಸೀಮೆಯ ಕಾಫಿ ಎಲೆಯ ಮೇಲಿನ ಕೊಳೆರೋಗದ ಶಿಲೀಂಧ್ರವನ್ನು, ಮುಂದೆ ಕ್ಯೂ ಸೇರಿದ ಎಂ. ಸಿ. ಕುಕ್ 1876ರಲ್ಲಿ ವರ್ಣಿಸಿ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದೇ ಹೆಸರಿಟ್ಟರು (ಬಾಂಬೆ ಫ್ಲೋರಾದ ಕುಕ್ ಬೇರೆ, ಇವರು ಬೇರೆ). ಅಡಿಕೆಯ ಕೊಳೆ ಬೇರೆ ಜೀವಿಯದು. ಮೈಸೂರು ಸರ್ಕಾರದಲ್ಲಿ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್, ಮಂಡ್ಯದವರು ಇಂದಿಗೂ ನೆನೆಯುವ ಅದೇ ಕೋಲ್ಮನ್, 1910ರಲ್ಲಿ ಅದರ ಕಾರಕವನ್ನು ಫೈಟಾಫ್ತೊರಾದ ಒಂದು ಬಗೆ ಎಂದು ಗುರುತಿಸಿದರು. ಅಲ್ಲಿಯವರೆಗೆ ಕರಡದ ಕೊಟ್ಟೆ ಕಟ್ಟಿ ಕೊನೆಗಳನ್ನು ಮಳೆಯಿಂದ ಮರೆಮಾಡುತ್ತಿದ್ದ ತೋಟಿಗರು ಬೋರ್ಡೋ ಮದ್ದು ಹೊಡೆಯಲು ಶುರುಮಾಡಿದ್ದು ಅವರ ಕಾಲದಿಂದ. ಈಗಿನ ಸಮೀಕ್ಷೆಗಳಲ್ಲಿ ನಮ್ಮ ತೋಟಗಳ ಕೊಳೆಯಿಂದ ಹೆಚ್ಚಾಗಿ ಸಿಗುತ್ತಿರುವುದು ಫೈಟಾಫ್ತೊರಾ ಮೀಡಿಯೈ. ಹಾಗಾದರೆ ಅಂದಿನದು ಯಾವುದು? ನೂರು ವರ್ಷದಲ್ಲಿ ಜೀವಿಯೇ ಬದಲಾಯಿತೋ, ಹೆಸರು ಮಾತ್ರವೋ? ಅಂಥದೇ ಪ್ರಶ್ನೆಗೆ ಐರ್ಲೆಂಡಿನ ಆಲೂಗಡ್ಡೆ ಬರದ ವಿಷಯದಲ್ಲಿ ಉತ್ತರ ಸಿಕ್ಕಿತು: ಕ್ಯೂ ಮತ್ತು ಮ್ಯೂನಿಕ್ಕಿನ ಹರ್ಬೇರಿಯಂಗಳಲ್ಲಿ 1840ರ ದಶಕದಿಂದಲೂ ಇದ್ದ ಆಲೂಗಡ್ಡೆ ಎಲೆಗಳಿಂದ ರೋಗಾಣುವಿನ ಡಿಎನ್‌ಎ ತೆಗೆದು, ಅದು ಇವತ್ತಿನವುಗಳಿಗಿಂತ ಬೇರೆಯದೇ ವಂಶವೆಂದು 2013ರಲ್ಲಿ ತೋರಿಸಿದರು. ಕೊಳೆ ಹತ್ತಿದ ಹಳೆಯ ಅಡಿಕೆಕಾಯಿಯ ಪೊಟ್ಟಣವೊಂದು ಶಿವಮೊಗ್ಗದಲ್ಲೋ ಶಿರಸಿಯಲ್ಲೋ ಒಂದು ಡ್ರಾಯರಿನಲ್ಲಿ ಇದ್ದರೆ, ಅದು ಇದೆ ಎಂದು ಮೊದಲು ಹೊರಗಿನವರಿಗೆ ಗೊತ್ತಾಗಬೇಕು.

ಅಣಬೆಯ ವಿಷಯದಲ್ಲಿ ಫೋಟೊ ಅಷ್ಟು ನೆರವಾಗದು. ಒಣಗಿದ ಅಣಬೆ ಬಣ್ಣ ಕಳೆದುಕೊಂಡು ಸುಕ್ಕಿದ ಶುಂಠಿಯ ಚೂರಾಗಿರುತ್ತದೆ. ಗುರುತಿಗೆ ಬೀಜಕಣಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಲೇಬೇಕು. ಅಲ್ಲಿ ಚಿತ್ರಕ್ಕಿಂತ ಪೊಟ್ಟಣದ ಮೇಲಿನ ಬರಹ ಮುಖ್ಯ. ಮೊದಲು ಅದನ್ನು ಏರಿಸಿ. ಹಾಗೆಯೇ ಗಿಡದ ಹಾಳೆಯ ಫೋಟೊ ತೆಗೆಯುವಾಗ ಎಲೆಯ ಮೇಲೆ ಚುಕ್ಕೆ, ತುಕ್ಕು, ಬೂದಿ ಕಂಡರೆ ಹತ್ತಿರದಿಂದ ಇನ್ನೊಂದು ತೆಗೆಯಿರಿ. ಗಿಡ ಒಣಗಿಸಿದವನಿಗೆ ಗೊತ್ತಿಲ್ಲದೆ ಎಷ್ಟೋ ಶಿಲೀಂಧ್ರಗಳು ಗಿಡದ ಹೆಸರಿನಲ್ಲೇ ಬೀರು ಸೇರಿವೆ.

ಈಗ ನಾನು ನಿಜಕ್ಕೂ ಹೇಳಬೇಕೆಂದು ಪತ್ರ ಹಿಡಿದ ವಿಷಯಕ್ಕೆ ಬರುತ್ತೇನೆ. ಫೋಟೊ ತೆಗೆಯುವುದು ಸುಲಭದ ಭಾಗ. ಲೇಬಲ್ ಓದುವುದು ಕಷ್ಟದ ಭಾಗ, ಮತ್ತು ಅದು ನಮ್ಮಿಂದ ಮಾತ್ರ ಆಗುವ ಭಾಗ. ಹಾಳೆಯನ್ನು ನಕ್ಷೆಯ ಮೇಲೆ ಕೂರಿಸದಿದ್ದರೆ ಸಂಶೋಧಕನಿಗೆ ಅದರಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ.

ಉದಾಹರಣೆಗೆ, ಒಂದು ಲೇಬಲ್ಲಿನಲ್ಲಿ ‘ಸಿದ್ದಾಪುರ’ ಎಂದಷ್ಟೇ ಇದೆ ಅನ್ನಿ. ಉತ್ತರ ಕನ್ನಡದ ತಾಲೂಕು ಕೇಂದ್ರವೇ? ಕೊಡಗಿನ ಕಾಫಿ ಸೀಮೆಯದೇ? ಕುಂದಾಪುರದಿಂದ ಘಟ್ಟದ ಬುಡಕ್ಕೆ ಹೋಗುವಾಗ ಸಿಗುವುದೇ? ‘ರಾಮನಗರ’ ಎಂದಿದ್ದರೆ ಬೆಂಗಳೂರಿನ ಬಳಿಯ ಬಂಡೆಗಳೋ, ಲೋಂಡಾ ಹತ್ತಿರದ ಜೋಯಿಡಾ ತಾಲೂಕಿನ ಕಾಡೋ? ಕಂಪ್ಯೂಟರು ಎರಡರಲ್ಲಿ ದೊಡ್ಡ ಊರನ್ನು ಆರಿಸುತ್ತದೆ. ದಟ್ಟ ಕಾಡಿನ ಮರವೊಂದು ಮೈಸೂರು ಹೆದ್ದಾರಿಯ ಪಕ್ಕ ಬೆಳೆದು ನಿಲ್ಲುತ್ತದೆ. ‘ಸೂಪಾ’ ಎಂದಿದ್ದರೆ ಇನ್ನೂ ಫಜೀತಿ. ಆ ಊರು ಕಾಳಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು, ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಇವತ್ತಿನ ನಕ್ಷೆ ನೋಡಿ ಗುರುತು ಹಾಕುವವನು ಒಂದೋ ಅಣೆಕಟ್ಟಿನ ಗೋಡೆಯ ಮೇಲೆ ಹಾಕುತ್ತಾನೆ, ಇಲ್ಲವೇ ನೀರಿನ ನಡುವೆ ನೆಲದ ಗಿಡ ಕಂಡು ತಪ್ಪು ದಾಖಲೆ ಎಂದು ತೆಗೆದೇಬಿಡುತ್ತಾನೆ. ಶರಾವತಿ ಕಣಿವೆಯ ಹಾಳೆಗಳದ್ದೂ ಇದೇ ಪಾಡು. ಅಲ್ಲಿಯ ಮುಳುಗಡೆ ಊರುಗಳ ಹೆಸರು ಹೇಳಬಲ್ಲ ಹಿರಿಯರು ಸಾಗರ, ಹೊಸನಗರಗಳಲ್ಲಿ ಇನ್ನೂ ಇದ್ದಾರೆ. ಅವರ ವಯಸ್ಸು ನಿಮಗೆ ಗೊತ್ತು.

ಇಂಗ್ಲಿಷರ ಕಾಲದ ಲೇಬಲ್ಲುಗಳಲ್ಲಿ ‘ನಗ್ಗರ್’ ಎಂದು ಕಂಡರೆ ಹೊರಗಿನವರು ಅಹಮದನಗರ ಎಂದುಕೊಂಡಾರು; ನಮಗೆ ಅದು ಬಿದನೂರು ನಗರ, ಇಲ್ಲವೇ ಮೈಸೂರು ಸಂಸ್ಥಾನದ ಇಡೀ ನಗರ ವಿಭಾಗ. 1860ರ ಆಚೀಚೆ ‘ಕೆನರಾ’ ಎರಡಾಯಿತು, ಉತ್ತರ ಭಾಗ ಮುಂಬಯಿಗೆ ಹೋಯಿತು. ಅದಕ್ಕೂ ಹಿಂದಿನ ಲೇಬಲ್ಲಿನಲ್ಲಿ ಕೆನರಾ ಎಂದರೆ ಕಾರವಾರದಿಂದ ಕಾಸರಗೋಡಿನವರೆಗೆ ಎಲ್ಲಿ ಬೇಕಾದರೂ ಆಗಬಹುದು. ‘ಕರ್ನಾಟಿಕ್’ ಎಂದು ಕಂಡ ಕೂಡಲೇ ನಮ್ಮದೆಂದು ಖುಷಿಪಡಬೇಡಿ. ಆ ಕಾಲದ ಇಂಗ್ಲಿಷರ ಬಾಯಲ್ಲಿ ಅದು ಆರ್ಕಾಟಿನ ಕಡೆಯ ಬಯಲು. ಎಲ್ಲಕ್ಕೂ ಕಳಶವಿಟ್ಟಂತೆ ಹೂಕರ್ ಮತ್ತು ಥಾಮ್ಸನ್ ಹಂಚಿದ ಹಾಳೆಗಳಲ್ಲಿ ‘ಮಲಬಾರ್, ಕೊಂಕಣ ಇತ್ಯಾದಿ, ಸಂಗ್ರಹ ಸ್ಟಾಕ್ಸ್, ಲಾ ಇತ್ಯಾದಿ’ ಎಂದು ಅಚ್ಚಾಗಿದೆ. ಜಾಗಕ್ಕೂ ಇತ್ಯಾದಿ, ಮನುಷ್ಯರಿಗೂ ಇತ್ಯಾದಿ! ಅಂಥದ್ದನ್ನು ಯಾವ ದೇವರೂ ನಕ್ಷೆಯ ಮೇಲೆ ಕೂರಿಸಲಾರ. ನಮ್ಮ ಹುಡುಗರ ಹಾಳೆಯಲ್ಲಿ ‘ತಿಪ್ಪಯ್ಯನ ತೋಟದ ಬಾವಿ ಹತ್ತಿರ, ಹಿರೇಕೆರೂರು’ ಎಂದು ವಂಕಿವಂಕಿಯಾಗಿ ಬರೆದಿದ್ದರೆ ಅದು ಈ ರಾಜಮನೆತನದ ಲೇಬಲ್ಲಿಗಿಂತ ಸಾವಿರ ಪಾಲು ಮೇಲು, ಬಾವಿ ಎಲ್ಲಿತ್ತು ಎಂದು ಹೇಳುವವರು ಇರುವವರೆಗೆ.

ಈಗ ಎಐ ಓದುತ್ತದಲ್ಲ ಎನ್ನುವಿರಿ. ಅಚ್ಚಾದ ಲೇಬಲ್ಲನ್ನು ಚೆನ್ನಾಗಿಯೇ ಓದುತ್ತದೆ, ಬಳಸಿಕೊಳ್ಳಿ. ಅರ್ಧ ಇಂಗ್ಲಿಷು ಅರ್ಧ ಕನ್ನಡ, ನೀಲಿ ಇಂಕು ಹರಡಿದ ಮೋಡಿ ಅಕ್ಷರ, ‘ಬಲಗಿ’ ಎಂಬ ಮರದ ಹೆಸರನ್ನು ಊರಿನ ಹೆಸರಿನ ಜಾಗದಲ್ಲಿ ಬರೆದಿರುವುದು, ಇಂಥಲ್ಲಿ ಅದು ಎಡವುತ್ತದೆ. ಎಡವಿದ್ದನ್ನು ಹೇಳಿಕೊಳ್ಳುವುದೂ ಇಲ್ಲ. ಪ್ಯಾರಿಸ್ಸಿನವರು ತಮ್ಮ ಲೇಬಲ್ಲು ಓದಲು ಸಾರ್ವಜನಿಕರನ್ನೇ ಕರೆದರು, ಆಸ್ಟ್ರೇಲಿಯದವರೂ ಹಾಗೇ ಮಾಡಿದರು. ನಿವೃತ್ತ ಗುಮಾಸ್ತರು, ಗೃಹಿಣಿಯರು, ಶಾಲಾಮಕ್ಕಳು ಮನೆಯಲ್ಲಿ ಕೂತು ಓದಿಕೊಟ್ಟರು. ನಮ್ಮಲ್ಲಿ ಹಳೆಯ ಶಾನುಭೋಗರ ಕೈಬರಹ ಓದಬಲ್ಲವರಿಗೇನು ಬರವೇ?

ಕೆಲಸದ ಕ್ರಮ ಹೇಳಿಬಿಡುತ್ತೇನೆ. ಲಕ್ಷಗಟ್ಟಲೆಯ ಸ್ಕ್ಯಾನರ್ ಬೇಕಿಲ್ಲ. ಒಳ್ಳೆಯ ಮೊಬೈಲು ಅಥವಾ ಕ್ಯಾಮೆರಾ, ಅದನ್ನು ನೇರ ಕೆಳಮುಖವಾಗಿ ಹಿಡಿಯುವ ಸ್ಟ್ಯಾಂಡು, ಎರಡು ಬದಿ ಬಿಳಿ ಎಲ್‌ಇಡಿ ದೀಪ. ಫ್ಲ್ಯಾಶ್ ಬೇಡ. ಹಾಳೆಯ ಅಂಚಿನಲ್ಲಿ ಸೆಂಟಿಮೀಟರ್ ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ ಇರಲಿ, ಇಲ್ಲದಿದ್ದರೆ ನಾಳೆ ಎಲೆಯ ಉದ್ದವನ್ನೂ ಹೂವಿನ ಬಣ್ಣವನ್ನೂ ನಂಬುವಂತಿಲ್ಲ. ಫೋಟೊ ತೆಗೆಯುವ ಮೊದಲೇ ಹಾಳೆಗೆ ನಂಬರು ಅಂಟಿಸಿ. ಫೈಲಿನ ಹೆಸರೂ ಅದೇ ನಂಬರು. ಎಕ್ಸೆಲ್ಲಿನಲ್ಲಿ ಜಾಗಕ್ಕೆ ಎರಡು ಕಾಲಮ್ಮು ಮಾಡಿ: ಒಂದರಲ್ಲಿ ಲೇಬಲ್ಲಿನಲ್ಲಿ ಇದ್ದದ್ದು ಕಾಗುಣಿತ ತಪ್ಪಿನ ಸಮೇತ, ಇನ್ನೊಂದರಲ್ಲಿ ನೀವು ಅರ್ಥ ಮಾಡಿಕೊಂಡ ಊರು, ತಾಲೂಕು, ಜಿಲ್ಲೆ. ನಕ್ಷೆಯಲ್ಲಿ ಬಿಂದು ಇಟ್ಟರೆ ಎಷ್ಟು ಕಿಲೋಮೀಟರ್ ಆಚೀಚೆ ಆಗಬಹುದು ಎಂಬುದನ್ನೂ ಬರೆಯಿರಿ. ‘ಆಗುಂಬೆ’ ಎಂದಷ್ಟೇ ಇದ್ದರೆ ಐದು ಎಂದು ಬರೆಯಲು ಸಂಕೋಚ ಬೇಡ. ಕನ್ನಡ ಹೆಸರಿದ್ದರೆ ಕನ್ನಡದಲ್ಲೇ ಟೈಪ್ ಮಾಡಿ. ಸಸ್ಯದ ಹೆಸರು ತಪ್ಪಿದೆ ಅನ್ನಿಸಿದರೆ ಹಳೆಯ ಚೀಟಿ ಕೀಳಬೇಡಿ. ಪಕ್ಕದಲ್ಲಿ ನಿಮ್ಮ ಚೀಟಿ, ನಿಮ್ಮ ಹೆಸರು, ತಾರೀಕು.

ಒಂದು ಎಚ್ಚರಿಕೆ, ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ನಮ್ಮಲ್ಲಿ ಹಾಳೆಗೆ ಹುಳ ಹಿಡಿಯದಿರಲೆಂದು ಗಿಡಗಳನ್ನು ಮರ್ಕ್ಯುರಿಕ್ ಕ್ಲೋರೈಡ್ ಬೆರೆಸಿದ ಸ್ಪಿರಿಟ್ಟಿನಲ್ಲಿ ಅದ್ದಿ ತೆಗೆಯುವ ಪದ್ಧತಿ ಇತ್ತು. ಅದು ಪಾದರಸದ ವಿಷ. ದಶಕಗಳಾದರೂ ಹಾಳೆಯಲ್ಲೇ ಇರುತ್ತದೆ. ಕೈಗವಸು, ಮಾಸ್ಕು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಹಾಳೆಯ ಪಕ್ಕ ಚಹಾ ಇಟ್ಟುಕೊಳ್ಳಬೇಡಿ. ಹಾಳೆ ಸುಡುವುದಂತೂ ಮಹಾ ಅಪಾಯ. ಆ ಕಾಲೇಜಿನ ಹಿತ್ತಲಿನ ಬೆಂಕಿಯ ಹೊಗೆ ಯಾರ ಯಾರ ಶ್ವಾಸಕೋಶಕ್ಕೆ ಹೋಯಿತೋ.

ಪ್ರಿನ್ಸಿಪಾಲರಿಗೂ ಒಂದು ಮಾತು. ‘ಸ್ಕ್ಯಾನ್ ಆಯಿತಲ್ಲ, ಇನ್ನು ಹಾಳೆ ಯಾಕೆ, ಜಾಗ ಬಿಡಿ’ ಎಂದು ನೀವು ಹೇಳುವ ದಿನ ಬಂದೇ ಬರುತ್ತದೆ ಎಂಬ ಭಯ ನನಗಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಂಥ ಸಿರಿವಂತ ಸಂಸ್ಥೆಯೇ 8.25 ಲಕ್ಷ ಹಾಳೆಗಳ ತನ್ನ ಹರ್ಬೇರಿಯಂ ಮುಚ್ಚುವುದಾಗಿ 2024ರಲ್ಲಿ ಹೇಳಿತು. ಫೋಟೊದಿಂದ ಡಿಎನ್‌ಎ ತೆಗೆಯಲಾಗದು, ಪತ್ರರಂಧ್ರ ಎಣಿಸಲಾಗದು. ಬರ್ಲಿನ್ನಿನ ಹರ್ಬೇರಿಯಂ 1943ರ ಮಾರ್ಚಿನಲ್ಲಿ ಬಾಂಬಿಗೆ ಸಿಕ್ಕಿ ಉರಿದಾಗ, ಷಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನ ಮ್ಯಾಕ್‌ಬ್ರೈಡ್ ಎಂಬವರು 1929ರಿಂದ ಯುರೋಪ್ ಸುತ್ತಿ ತೆಗೆದಿದ್ದ ಹತ್ತಾರು ಸಾವಿರ ಫೋಟೊಗಳೇ ಗತಿಯಾದವು; ಎಷ್ಟೋ ಪ್ರಭೇದಗಳ ಮೂಲಮಾದರಿ ಈಗ ಆ ಕಪ್ಪು ಬಿಳುಪು ಚಿತ್ರ ಮಾತ್ರ. ಅವನ್ನು ಇಂದಿಗೂ ಸಸ್ಯಶಾಸ್ತ್ರಜ್ಞರು ಕೃತಜ್ಞತೆಯಿಂದ ನೋಡುತ್ತಾರೆ, ಹಾಳೆಯೇ ಉಳಿದಿದ್ದರೆ ಎಂದೂ ಅನ್ನುತ್ತಾರೆ. ನೀವಾಗಿ ಬಾಂಬು ಹಾಕಿಕೊಳ್ಳುವ ಅಗತ್ಯವಿಲ್ಲ. ಜಾಗ ನಿಜಕ್ಕೂ ಇಲ್ಲವಾದರೆ ವಿಶ್ವವಿದ್ಯಾಲಯದ ಹರ್ಬೇರಿಯಂಗೆ ಪಟ್ಟಿ ಸಮೇತ ಒಪ್ಪಿಸಿ, ರಸೀದಿ ಪಡೆಯಿರಿ.

ಎಲ್ಲವನ್ನೂ ಬಯಲಿಗಿಡಬೇಕೆಂದೂ ನಾನು ಹೇಳುತ್ತಿಲ್ಲ. ಮರದರಿಶಿನ ಎಲ್ಲಿದೆ, ಯಾವ ಗುಡ್ಡದ ಯಾವ ಬದಿಗೆ ಅಪರೂಪದ ಆರ್ಕಿಡ್ ಹೂಬಿಡುತ್ತದೆ ಎಂದು ಮೀಟರ್ ಲೆಕ್ಕದಲ್ಲಿ ಪ್ರಕಟಿಸಿದರೆ ಮೊದಲು ಹೋಗುವವನು ಸಂಶೋಧಕನಲ್ಲ, ಕತ್ತಿ ಹಿಡಿದವನು. ಅಂಥವಕ್ಕೆ ತಾಲೂಕಿನ ಹೆಸರು ಮಾತ್ರ ಹೊರಗೆ, ಪೂರ್ತಿ ವಿವರ ವಿಭಾಗದ ಕಡತದಲ್ಲಿ. ಉಳಿದ ತುಂಬೆ, ಉತ್ತರಾಣಿ, ಕಾಂಗ್ರೆಸ್ ಕಳೆಗೆ ಗುಟ್ಟಿನ ಹಂಗಿಲ್ಲ.

ಎಂ.ಎಸ್ಸಿ. ಮಕ್ಕಳೇ, ಪ್ರಾಜೆಕ್ಟಿಗೆ ವಿಷಯ ಸಿಗುತ್ತಿಲ್ಲ ಎಂದು ಗೋಳಾಡುವವರು ನೀವೇ ತಾನೆ? ನಿಮ್ಮ ಕಾಲೇಜಿನ ಬೀರುವಿನ ಒಂದು ಖಾನೆ ಸಾಕು, ಎರಡು ಸೆಮಿಸ್ಟರಿಗೆ ಆಗುವಷ್ಟಿದೆ. ಗೈಡು ಒಪ್ಪದಿದ್ದರೆ ಈ ಪತ್ರ ತೋರಿಸಿ.

ಇತಿ,
ನಿಮ್ಮಲ್ಲೊಬ್ಬ ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ

ತಾ.ಕ.: ಬೀರುವಿನ ಕೀಲಿ ಕಳೆದಿದೆ ಎಂದು ಕೆಲಸ ಮುಂದೂಡಬೇಡಿ. ನಿವೃತ್ತರಾದ ಅಟೆಂಡರ್ ಮನೆಗೆ ಒಮ್ಮೆ ಹೋಗಿ ಬನ್ನಿ. ಕೀಲಿ ಅವರಲ್ಲಿ ಇಲ್ಲದಿದ್ದರೂ ಯಾವ ಕಟ್ಟು ಯಾವ ಮೇಷ್ಟರದು, ಯಾವ ವರ್ಷದ ಟೂರಿನದು ಎಂಬುದು ಅವರಿಗೆ ನೆನಪಿರುತ್ತದೆ. ಅದನ್ನೂ ಬರೆದುಕೊಂಡು ಬನ್ನಿ.